ಮಂದಗಮನ ನೌಕಾಲಕ್ಷಣ ಸಂಗ್ರಹ

ಶಾಸ್ತ್ರ ಎಂದ ಮೇಲೆ ವಂದನೆ ಇಲ್ಲದೆ ಆಗದು. ಭೂಮಿಯ ದೂರದಲ್ಲಿ ಚದರ ಮೀಟರಿಗೆ 1361 ವ್ಯಾಟ್‌ನಂತೆ, ಬಿಲ್ಲು ಕಳಿಸದೆ, ಬೆಳಕು ಸುರಿಯುತ್ತಿರುವ ಸೂರ್ಯನಿಗೆ ಮೊದಲ ನಮಸ್ಕಾರ. ರಾಕೆಟ್ಟಿನ ದಾರಿದ್ರ್ಯವನ್ನು 1903ರಲ್ಲಿ ಒಂದೇ ಸಮೀಕರಣದಲ್ಲಿ ಬಯಲು ಮಾಡಿದ ರಷ್ಯದ ಮೇಷ್ಟರು ತ್ಸಿಯೋಲ್ಕೋವ್‌ಸ್ಕಿಗೆ ಎರಡನೆಯದು. 1929ರ ತಮ್ಮ ಗ್ರಂಥದಲ್ಲಿ ವಿದ್ಯುತ್ ನೌಕೆಗೆಂದೇ ಒಂದು ಅಧ್ಯಾಯ ಬಿಟ್ಟುಕೊಟ್ಟ ಹರ್ಮನ್ ಓಬರ್ತ್‌ಗೆ ಮೂರನೆಯದು. ನಾಲ್ಕನೆಯದು ಅರ್ನ್ಸ್ಟ್ ಸ್ಟೂಲಿಂಗರ್‌ಗೆ. ಅವರು ಕಲ್ಪಿಸಿದ ಕೊಡೆಯಾಕಾರದ ನೌಕೆಗಳು ಮಂಗಳಕ್ಕೆ ಹೊರಟದ್ದನ್ನು 1957ರಲ್ಲಿ ಡಿಸ್ನಿಯವರು ಟಿ.ವಿ.ಯಲ್ಲಿ ತೋರಿಸಿದ್ದರು. ಆ ಕೊಡೆಗಳಿಗೆ ವಿದ್ಯುತ್ತು ಕೊಟ್ಟದ್ದು ಸೂರ್ಯನಲ್ಲ, ಪರಮಾಣು ಸ್ಥಾವರ. ಅದರಿಂದ ಹುಟ್ಟಿದ ಜಗಳವನ್ನು ಆಮೇಲೆ ನೋಡೋಣ.

ಇನ್ನು ಅನುಬಂಧ ಚತುಷ್ಟಯ. ವಿಷಯ: ಬಿಸಿಲಿನಿಂದ ವಿದ್ಯುತ್ತು ಮಾಡಿಕೊಂಡು, ಆ ವಿದ್ಯುತ್ತಿನಿಂದ ಅನಿಲವನ್ನು ಹೊರಕ್ಕೆ ಎಸೆದು, ಮನುಷ್ಯರನ್ನು ಚಂದ್ರನಾಚೆಗೆ ಒಯ್ಯುವ ನೌಕೆಯ ರಚನೆ. ಪ್ರಯೋಜನ: ಇಂಧನದಲ್ಲಿ ಉಳಿತಾಯ. ಸಂಬಂಧ: ಉಳಿಸಿದ್ದಷ್ಟನ್ನೂ ಕಾಲದ ರೂಪದಲ್ಲಿ ತೆರಬೇಕಾದ ಸಾಲ. ಅವಸರವಿಲ್ಲದವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಹಾಗೆಂದು ಕಚೇರಿಗಳಲ್ಲಿ ಕೂತ ಅಧಿಕಾರಿಗಳೆಲ್ಲ ಅರ್ಹರೆಂದು ತಿಳಿಯಬಾರದು.

ಲಕ್ಷಣ ಪ್ರಕರಣ

ಸೂತ್ರ: ಸೂರ್ಯನಿಂದ ವಿದ್ಯುತ್ತನ್ನೂ ವಿದ್ಯುತ್ತಿನಿಂದ ವೇಗವನ್ನೂ ಪಡೆಯುವುದು ಮಂದಗಮನ.

ವೃತ್ತಿ: ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ಕೂಡಲೇ ತಗಲುತ್ತದೆ. 2017ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋದ ಜಿಸ್ಯಾಟ್-9 ಕೂಡ ತನ್ನ ಜಾಗದಲ್ಲಿ ಕದಲದೆ ನಿಲ್ಲಲು ಇದೇ ಉಪಾಯ ಹೂಡಿತು. ಸ್ಟಾರ್‌ಲಿಂಕ್ ಉಪಗ್ರಹಗಳು ಸಾವಿರಾರು ಸಂಖ್ಯೆಯಲ್ಲಿ ಇದನ್ನೇ ಮಾಡುತ್ತಿವೆ. ಇವು ಯಾವುವೂ ಮನುಷ್ಯರನ್ನು ಹೊರುವುದಿಲ್ಲ. ಆದ್ದರಿಂದ ‘ಮನುಷ್ಯರನ್ನು ಹೊತ್ತು’ ಎಂಬ ವಿಶೇಷಣ ಸೇರಿಸೋಣ. ಆಗ ಚೀನೀಯರ ತಿಯಾನ್‌ಗಾಂಗ್ ನಿಲ್ದಾಣ ಅಡ್ಡ ಬರುತ್ತದೆ. 2021ರ ಏಪ್ರಿಲ್‌ನಲ್ಲಿ ಹಾರಿಸಿದ ಅದರ ಮುಖ್ಯ ಘಟಕ ತಿಯಾನ್‌ಹೆಯಲ್ಲಿ ಹಾಲ್ ಥ್ರಸ್ಟರ್ ಎಂಬ ವಿದ್ಯುತ್ ಎಂಜಿನ್‌ಗಳು ನಾಲ್ಕಿವೆ. ಒಳಗೆ ಮನುಷ್ಯರೂ ಇದ್ದಾರೆ. ಆದರೆ ಅದು ಹೋಗುವುದೆಲ್ಲಿಗೆ? ಭೂಮಿಯ ಸುತ್ತಲೇ. ಸರಿ, ‘ಭೂಮಿಯ ಹಿಡಿತವನ್ನು ಮೀರಿ’ ಎಂದು ಮತ್ತೊಂದು ವಿಶೇಷಣ ಹಚ್ಚಿದೆವು. ಅತಿವ್ಯಾಪ್ತಿ ಹೋಯಿತು; ಅಸಂಭವ ದೋಷ ಬಂತು. ಏಕೆಂದರೆ ಈ ಲಕ್ಷಣಕ್ಕೆ ಹೊಂದುವ ನೌಕೆ ಇವತ್ತಿಗೆ ಒಂದೂ ಇಲ್ಲ.

ಇಲ್ಲದ ವಸ್ತುವಿಗೆ ಶಾಸ್ತ್ರವೇ ಎಂದು ಹುಬ್ಬೇರಿಸುವವರಿಗೆ ಉತ್ತರ: ಮೊಲದ ಕೊಂಬಿನ ಬಗ್ಗೆ, ಆಕಾಶಪುಷ್ಪದ ಬಗ್ಗೆ ನಮ್ಮ ತಾರ್ಕಿಕರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಈ ಪುಷ್ಪಕ್ಕಾದರೋ ಬೇರು, ಕಾಂಡ, ಎಲೆ ಎಲ್ಲ ಬಿಡಿಬಿಡಿಯಾಗಿ ಈಗಾಗಲೇ ಆಕಾಶದಲ್ಲಿವೆ.

ಜಾತಿ ಪ್ರಕರಣ

ಆನೆಗಳನ್ನು ಭದ್ರ, ಮಂದ, ಮೃಗ, ಮಿಶ್ರ ಎಂದು ನಾಲ್ಕು ಜಾತಿ ಮಾಡಿದ ಗಜಶಾಸ್ತ್ರಕಾರರೇ ಇಲ್ಲಿ ನಮಗೆ ಪ್ರಮಾಣ. ಅವರ ವಿಂಗಡಣೆ ನೌಕೆಗಳಿಗೆ ಎಷ್ಟು ಚೆನ್ನಾಗಿ ಕೂಡುತ್ತದೆಂದರೆ, ಆನೆಗಳಿಗೆ ಇಷ್ಟು ಚೆನ್ನಾಗಿ ಕೂಡಿತ್ತೋ ಇಲ್ಲವೋ ಎಂದು ಅನುಮಾನ ಬರುತ್ತದೆ.

ಭದ್ರಜಾತಿ ಎಂದರೆ ರಾಸಾಯನಿಕ ಇಂಧನ ಉರಿಸುವ ನೌಕೆ. ಬಲಿಷ್ಠ, ನಿರ್ಭೀತ, 1968ರ ಡಿಸೆಂಬರ್‌ನಲ್ಲಿ ಅಪೊಲೊ 8 ಮೂರು ದಿನದೊಳಗೆ ಚಂದ್ರನ ಬಳಿ ನಿಂತಿತ್ತು. ಹಸಿವು ಮಾತ್ರ ಭಯಂಕರ. ಹೈಡ್ರೋಜನ್-ಆಕ್ಸಿಜನ್ ಉರಿಸುವ ಅತ್ಯುತ್ತಮ ಎಂಜಿನ್ ಕೂಡ ಅನಿಲವನ್ನು ಸೆಕೆಂಡಿಗೆ ಸುಮಾರು ನಾಲ್ಕೂವರೆ ಕಿ.ಮೀ. ವೇಗಕ್ಕಿಂತ ಹೆಚ್ಚಿಗೆ ಉಗುಳಲಾರದು. ತ್ಸಿಯೋಲ್ಕೋವ್‌ಸ್ಕಿಯವರ ಲೆಕ್ಕ ಹಾಕಿದರೆ, ವೇಗವನ್ನು ಸೆಕೆಂಡಿಗೆ 4 ಕಿ.ಮೀ.ನಷ್ಟು ಬದಲಿಸಲು ಹೊರಡುವಾಗಿನ ತೂಕದಲ್ಲಿ ಶೇ. 60ರಷ್ಟು ಬರೀ ಇಂಧನವೇ ಆಗಬೇಕು. ಅದೇ ಅನಿಲವನ್ನು ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಉಗುಳುವ ಅಯಾನು ಎಂಜಿನ್ನಿಗೆ ಶೇ. 13 ಸಾಕು. ನಮ್ಮ ಶಾಸ್ತ್ರದ ಆಸೆಯೆಲ್ಲ ಈ ಎರಡು ಅಂಕಿಗಳ ನಡುವೆ ಇದೆ.

ಮೃಗಜಾತಿ ಎಂದರೆ ಸಣ್ಣ ಮೈಯ, ಬೆದರುಗಣ್ಣಿನ, ಯಂತ್ರಗಳನ್ನಷ್ಟೇ ಹೊರುವ ನೌಕೆಗಳು. ಬೆದರುವ ಸ್ವಭಾವಕ್ಕೆ ಸಾಕ್ಷಿ ಬೇಕಿದ್ದರೆ, 1964ರ ಜುಲೈ 20ರಂದು ಹಾರಿದ ಸರ್ಟ್-1ರಲ್ಲಿ ಎರಡು ಎಂಜಿನ್‌ಗಳಿದ್ದವು. ಒಂದು ಬಾಯಿ ಬಿಡಲೇ ಇಲ್ಲ. ಹೆರಾಲ್ಡ್ ಕಾಫ್‌ಮನ್ ರೂಪಿಸಿದ ಇನ್ನೊಂದು 31 ನಿಮಿಷ ಓಡಿ ಇತಿಹಾಸ ಸೇರಿತು. 1998ರ ನವೆಂಬರ್ 10ರಂದು ಡೀಪ್ ಸ್ಪೇಸ್ 1ರ ಎಂಜಿನ್ ಹೊತ್ತಿಸಿದರೆ, ಅದು ನಾಲ್ಕೂವರೆ ನಿಮಿಷಕ್ಕೆ ಆರಿಹೋಯಿತು. ಎರಡು ವಾರ ಓಲೈಸಿದ ಮೇಲೆ ಮತ್ತೆ ಹೊತ್ತಿದ್ದು, ಆಮೇಲೆ ಒಟ್ಟು 16,000 ಗಂಟೆಗೂ ಹೆಚ್ಚು ಓಡಿತು. ಅಷ್ಟು ಹೊತ್ತೂ ಅದು ಕೊಟ್ಟ ನೂಕುಬಲ ಹೆಚ್ಚೆಂದರೆ 92 ಮಿಲಿನ್ಯೂಟನ್, ಅಂದರೆ ಒಂಬತ್ತು ಗ್ರಾಂ ತೂಕದಷ್ಟು.

ಮೃಗಜಾತಿಯ ಶಿರೋಮಣಿ ಜಪಾನಿನ ಹಯಾಬುಸ. 2003ರ ಮೇ ತಿಂಗಳಲ್ಲಿ ಹೊರಟು, 2005ರಲ್ಲಿ ಇಟೊಕಾವಾ ಎಂಬ ಕ್ಷುದ್ರಗ್ರಹವನ್ನು ಮುಟ್ಟಿತು. ಮರಳುವ ದಾರಿ ಮುಗಿಯುವ ಮೊದಲೇ ಅದರ ನಾಲ್ಕು ಎಂಜಿನ್‌ಗಳೂ ಒಂದೊಂದಾಗಿ ಸೊರಗಿದ್ದವು. 2009ರ ನವೆಂಬರ್‌ನಲ್ಲಿ ಎಂಜಿನಿಯರುಗಳು ‘ಎ’ ಎಂಜಿನ್ನಿನಲ್ಲಿ ಉಳಿದಿದ್ದ ಎಲೆಕ್ಟ್ರಾನ್ ಕುಲುಮೆಯನ್ನೂ ‘ಬಿ’ ಎಂಜಿನ್ನಿನಲ್ಲಿ ಉಳಿದಿದ್ದ ಅಯಾನು ಕುಲುಮೆಯನ್ನೂ ಕೋಟಿಗಟ್ಟಲೆ ಕಿ.ಮೀ. ದೂರದಿಂದಲೇ ಜೋಡಿಸಿ, ಎರಡು ಅರ್ಧಗಳಿಂದ ಒಂದು ಇಡೀ ಎಂಜಿನ್ ಮಾಡಿದರು. ಹಾಗೆ ಜೋಡಿಸಲು ಬೇಕಾದ ಪುಟ್ಟ ವಿದ್ಯುತ್ ದಾರಿಯೊಂದನ್ನು ಹೊರಡುವ ಮೊದಲೇ ಯಾರೋ ಮುಂದಾಲೋಚನೆಯಿಂದ ಇಟ್ಟಿದ್ದರು. 2010ರ ಜೂನ್ 13ರಂದು ಇಟೊಕಾವಾದ ಧೂಳು ಆಸ್ಟ್ರೇಲಿಯದ ವೂಮೆರಾದಲ್ಲಿ ಇಳಿಯಿತು. ಎಂಜಿನ್ ನಿಧಾನದ್ದಾಗಿದ್ದರಿಂದಲೇ ಇಷ್ಟೆಲ್ಲ ಯೋಚಿಸಲು ಸಮಯ ಸಿಕ್ಕಿತು ಎಂಬುದನ್ನು ಭದ್ರಜಾತಿಯ ಅಭಿಮಾನಿಗಳು ಗಮನಿಸಬೇಕು. ಅವರ ಎಂಜಿನ್ ಕೈಕೊಟ್ಟರೆ ಯೋಚಿಸಲು ಸಿಗುವುದು ನಿಮಿಷಗಳು ಮಾತ್ರ.

ಮಂದಜಾತಿಗೆ ಡಾನ್ ನೌಕೆಯೇ ಲಕ್ಷಣಗ್ರಂಥ. 2007ರಲ್ಲಿ 425 ಕೆ.ಜಿ. ಜೆನಾನ್ ಹೊಟ್ಟೆಯಲ್ಲಿಟ್ಟುಕೊಂಡು ಹೊರಟು, ವೆಸ್ಟಾವನ್ನು ವರ್ಷಕ್ಕೂ ಮಿಕ್ಕಿ ಸುತ್ತಿ, ಅದನ್ನು ಬಿಟ್ಟು, 2015ರಲ್ಲಿ ಸೆರೆಸ್ ತಲುಪಿತು. ಭೂಮಿಯಾಚೆಯ ಎರಡು ಕಾಯಗಳನ್ನು ಒಂದಾದ ಮೇಲೊಂದು ಸುತ್ತಿದ ಮೊದಲ ನೌಕೆ ಅದೇ. ನಿಂತ ನಿಲುವಿನಿಂದ ಗಂಟೆಗೆ 96 ಕಿ.ಮೀ. ವೇಗಕ್ಕೆ ಬರಲು ಅದಕ್ಕೆ ನಾಲ್ಕು ದಿನ ಬೇಕು. ಆ ನಾಲ್ಕು ದಿನಗಳನ್ನು ವರ್ಷಗಟ್ಟಲೆ ಪೋಣಿಸಿದಾಗ ಒಟ್ಟು ವೇಗಬದಲಾವಣೆ ಸೆಕೆಂಡಿಗೆ 11 ಕಿ.ಮೀ. ದಾಟಿತು.

ಮಿಶ್ರಜಾತಿ ಭದ್ರ-ಮಂದಗಳ ಸಂಕರ. ಗ್ರಹದ ಹತ್ತಿರ, ಎಲ್ಲಿ ಗುರುತ್ವದ ಹಿಡಿತ ಬಿಗಿಯೋ ಅಲ್ಲಿ, ರಾಸಾಯನಿಕ ಎಂಜಿನ್ನಿನಿಂದ ಒಂದು ಗುದ್ದು. ನಡುವಿನ ತಿಂಗಳುಗಟ್ಟಲೆ ಬಯಲಿನಲ್ಲಿ ವಿದ್ಯುತ್ತಿನ ತಾಳ್ಮೆಯ ತಳ್ಳುವಿಕೆ. ಮನುಷ್ಯರ ಮಂಗಳಯಾತ್ರೆಗೆ ನಾಸಾ 2010ರ ದಶಕದಲ್ಲಿ ಚಿತ್ರಿಸಿಕೊಂಡ ಹಲವು ನೌಕೆಗಳು ಈ ಜಾತಿಯವು. ಕುಲಶುದ್ಧಿಯ ಹಟವುಳ್ಳ ಎಂಜಿನಿಯರುಗಳು ಇದನ್ನು ಕಂಡು ಮೂಗು ಮುರಿಯುತ್ತಾರೆ. ಮಿಶ್ರವೇ ಶ್ರೇಷ್ಠ ಎಂಬುದು ಈ ಗ್ರಂಥಕರ್ತನ ಮತ. ಕಾರಣ ಆರೋಹಕ ಪ್ರಕರಣದಲ್ಲಿದೆ.

ಮುಖ ಪ್ರಕರಣ

ಉಗುಳುವ ಬಾಯಿಗಳು ಮುಖ್ಯವಾಗಿ ಎರಡು ಬಗೆ. ಜಾಲರಿಬಾಯಿಯಲ್ಲಿ ಅನಿಲದ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡಿ, ಸಾವಿರ ವೋಲ್ಟಿಗೂ ಮೇಲ್ಪಟ್ಟ ಒತ್ತಡ ಹೊತ್ತ ತೂತುತೂತಿನ ಲೋಹದ ಜಾಲರಿಗಳ ನಡುವೆ ಎಳೆದು ಹೊರಗೆಸೆಯುತ್ತಾರೆ. ಬಳೆಬಾಯಿ, ಅರ್ಥಾತ್ ಹಾಲ್ ಥ್ರಸ್ಟರ್, ಸೋವಿಯೆತ್ ಒಕ್ಕೂಟದಲ್ಲಿ ಬಲಿತ ವಿದ್ಯೆ. ಅದರಲ್ಲಿ ಜಾಲರಿಯಿಲ್ಲ. ಬಳೆಯಾಕಾರದ ಓಣಿಯಲ್ಲಿ ಕಾಂತಕ್ಷೇತ್ರವೊಂದು ಎಲೆಕ್ಟ್ರಾನುಗಳನ್ನು ಸುತ್ತಿಸುತ್ತ ಹಿಡಿದಿಡುತ್ತದೆ. ಭಾರವಾದ ಅಯಾನುಗಳಿಗೆ ಆ ಕಾಂತದ ಪರಿವೆಯಿಲ್ಲ. ಅವು ವಿದ್ಯುತ್ ಕ್ಷೇತ್ರದ ಜಾಡು ಹಿಡಿದು ನೇರ ಹೊರಗೆ. ಜಾಲರಿಬಾಯಿ ಅನಿಲವನ್ನು ಉಳಿಸುತ್ತದೆ, ಬಳೆಬಾಯಿ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಬಲ ಕೊಡುತ್ತದೆ. ಉಗುಳುವ ರಭಸ ಏರಿದಷ್ಟೂ, ಇದ್ದ ವಿದ್ಯುತ್ತಿಗೆ ಸಿಗುವ ಬಲ ಇಳಿಯುತ್ತದೆ. ಈ ಜಿಪುಣ ನಿಯಮಕ್ಕೆ ಅಪವಾದವಿಲ್ಲ.

ಮನುಷ್ಯರಿರುವ ನೌಕೆಗೆ ಬಲ ಬೇಕಾದ್ದರಿಂದ ಬಳೆಬಾಯಿಯ ಕಡೆಗೇ ಒಲವು. ನಾಸಾದ ಗೇಟ್‌ವೇ ನಿಲ್ದಾಣಕ್ಕೆಂದು ರೂಪಿಸಿದ ವಿದ್ಯುತ್ ಘಟಕಕ್ಕೆ 12 ಕಿಲೋವ್ಯಾಟಿನ ಮೂರು, 6 ಕಿಲೋವ್ಯಾಟಿನ ನಾಲ್ಕು ಬಳೆಬಾಯಿಗಳನ್ನು ಗೊತ್ತುಮಾಡಿದರು. ಮಿಶಿಗನ್ ವಿಶ್ವವಿದ್ಯಾಲಯದವರ ಎಕ್ಸ್3 ಒಂದರೊಳಗೊಂದು ಮೂರು ಬಳೆಗಳನ್ನು ತೊಟ್ಟಿದೆ. 2017ರ ಪರೀಕ್ಷೆಯಲ್ಲಿ ಅದು ಸುಮಾರು 100 ಕಿಲೋವ್ಯಾಟ್ ನುಂಗಿ 5.4 ನ್ಯೂಟನ್ ಬಲ ಕೊಟ್ಟು ದಾಖಲೆ ಬರೆಯಿತು. ಭೂಮಿಯ ಮೇಲೆ ಅದು ಅರ್ಧ ಕೆ.ಜಿ.ಗಿಂತ ತುಸು ಹೆಚ್ಚಿನ ವಸ್ತುವನ್ನು ಎತ್ತಿಹಿಡಿಯುವ ಬಲ. ಅಷ್ಟಕ್ಕೇ ಚಪ್ಪಾಳೆ ಬೀಳುವ ಏಕೈಕ ಶಾಸ್ತ್ರ ನಮ್ಮದು.

ಬಾಯಿಯ ಆಯುಷ್ಯ ಪರೀಕ್ಷೆಗೆ ನಿರ್ವಾತದ ಕೋಣೆ ಬೇಕು, ಕಾಯುವ ಜನ ಬೇಕು. ನೆಕ್ಸ್ಟ್ ಎಂಬ ಜಾಲರಿಬಾಯಿ ನಾಸಾದ ಗ್ಲೆನ್ ಕೇಂದ್ರದ ಕೋಣೆಯಲ್ಲಿ 48,000 ಗಂಟೆಗೂ ಹೆಚ್ಚು ಉರಿಯಿತು. ಅಂದರೆ ಐದೂವರೆ ವರ್ಷ ಓಡಿ ಎಲ್ಲಿಗೂ ಹೋಗಲಿಲ್ಲ. ಇಸ್ರೋ 2025ರ ಮಾರ್ಚಿನಲ್ಲಿ ತನ್ನ 300 ಮಿಲಿನ್ಯೂಟನ್ ಥ್ರಸ್ಟರಿನ 1000 ಗಂಟೆಗಳ ಪರೀಕ್ಷೆ ಮುಗಿಸಿದ್ದು ಇದೇ ತಪಸ್ಸಿನ ಮೊದಲ ಮೆಟ್ಟಿಲು.

ಆಹಾರ ಪ್ರಕರಣ

ಹಿಂದಿನವರು ಪಾದರಸ ತಿನ್ನಿಸಿದರು, ಸೀಸಿಯಂ ತಿನ್ನಿಸಿದರು. ಎರಡೂ ತಾಮಸಾಹಾರ. ಒಂದು ವಿಷ, ಇನ್ನೊಂದು ನೀರು ಕಂಡರೆ ಸಿಡಿಯುವ ಮುಂಗೋಪಿ. ಆಮೇಲೆ ಬಂದ ಜೆನಾನ್ ಸಾತ್ವಿಕ: ಯಾರೊಡನೆಯೂ ಬೆರೆಯದು, ಭಾರವಾದ ಪರಮಾಣು, ಎಲೆಕ್ಟ್ರಾನ್ ಕೊಡಲು ಹೆಚ್ಚು ಗೋಗರೆಸದು, ಒತ್ತಿ ತುಂಬಿದರೆ ಸಣ್ಣ ತೊಟ್ಟಿಯಲ್ಲಿ ಅಡಗಿ ಕೂರುತ್ತದೆ. ಅದಕ್ಕಿರುವ ದೋಷ ಒಂದೇ, ಅಭಾವ. ಗಾಳಿಯ ಒಂದು ಕೋಟಿ ಕಣಗಳಲ್ಲಿ ಅದರದು ಒಂದೂ ಪೂರ್ತಿ ಬಾರದು. ಒಂದು ಕೆ.ಜಿ. ಜೆನಾನ್ ಬೇಕೆಂದರೆ ಸುಮಾರು ಎರಡೂವರೆ ಸಾವಿರ ಟನ್ ಗಾಳಿಯನ್ನು ಸೋಸಬೇಕು. ಅದಕ್ಕೆಂದೇ ಯಾರೂ ಸೋಸುವುದಿಲ್ಲ. ಉಕ್ಕಿನ ಕಾರ್ಖಾನೆಗಳಿಗೆ ಆಕ್ಸಿಜನ್ ಬೇರ್ಪಡಿಸುವಾಗ ಉಪಉತ್ಪನ್ನವಾಗಿ ಬಂದದ್ದೇ ಬಂದದ್ದು. ಜಗತ್ತಿಗೆಲ್ಲ ವರ್ಷಕ್ಕೆ ಹತ್ತಾರು ಟನ್ ಅಷ್ಟೇ.

ನಲವತ್ತು ಟನ್ ತೂಗುವ ಮನುಷ್ಯನೌಕೆಯೊಂದು ಹೋಗಿ ಬರುವ ದಾರಿಯಲ್ಲಿ ಒಟ್ಟು ವೇಗವನ್ನು ಸೆಕೆಂಡಿಗೆ 12 ಕಿ.ಮೀ. ಬದಲಿಸಬೇಕು ಎಂದುಕೊಳ್ಳೋಣ. ಸೆಕೆಂಡಿಗೆ 25 ಕಿ.ಮೀ. ಉಗುಳುವ ಬಾಯಿಗೆ ಅದು ಸುಮಾರು 25 ಟನ್ ಜೆನಾನ್. ಇಷ್ಟನ್ನು ಒಬ್ಬನೇ ಗಿರಾಕಿ ಪೇಟೆಯಲ್ಲಿ ಕೇಳಿದರೆ ಬೆಲೆ ಎಲ್ಲಿಗೆ ಏರೀತು! ಜೆನಾನ್‌ಗೆ ಬೇರೆ ಗಿರಾಕಿಗಳೂ ಇದ್ದಾರೆ. ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯೊಳಗೆ ಎಲ್‌ಜ಼ಡ್ ಪ್ರಯೋಗದವರು ಕಪ್ಪುದ್ರವ್ಯದ ಕಣಕ್ಕಾಗಿ 10 ಟನ್ ಜೆನಾನ್ ಇಟ್ಟು ಕಾಯುತ್ತಿದ್ದಾರೆ. ಇಬ್ಬರೂ ಕಾಯುವ ವೃತ್ತಿಯವರೇ, ಒಂದೇ ಸರಕಿಗೆ.

ಬಡವರ ಊಟ ಕ್ರಿಪ್ಟಾನ್. ಅದಕ್ಕೂ ಬಡವರದು ಆರ್ಗಾನ್. ಗಾಳಿಯಲ್ಲಿ ಆರ್ಗಾನ್ ಶೇ. 0.93 ಇದೆ, ಬರಗಾಲದ ಭಯವಿಲ್ಲ. ಸ್ಟಾರ್‌ಲಿಂಕ್ 2019ರಲ್ಲಿ ಕ್ರಿಪ್ಟಾನ್‌ನಿಂದ ಶುರುಮಾಡಿ 2023ರಲ್ಲಿ ಆರ್ಗಾನ್‌ಗೆ ಇಳಿಯಿತು. ಹಗುರವಾದ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು ವಿದ್ಯುತ್ತು ಹೆಚ್ಚು ಖರ್ಚು, ತೊಟ್ಟಿ ದೊಡ್ಡದು. ಆದರೂ ಮಂಗಳಕ್ಕೆ ಹೋಗುವ ಸಂಸಾರ ದಿನವೂ ಜೆನಾನ್ ಉಂಡು ಬಾಳಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಯೋಡಿನ್ ಎಂಬ ಘನಾಹಾರವನ್ನು ಕೆಲವರು ಕಕ್ಷೆಯಲ್ಲೇ ಉಣಿಸಿ ನೋಡಿದ್ದಾರೆ. ಲೋಹವನ್ನು ತಿನ್ನುವ ಚಟ ಅದಕ್ಕೆ ಇರುವುದರಿಂದ ವಿಸ್ತರಿಸುವುದಿಲ್ಲ.

ಪಕ್ಷ ಪ್ರಕರಣ

ಬಿಸಿಲು ಹಿಡಿಯುವ ಸೌರಫಲಕದ ರೆಕ್ಕೆಗಳು ಮೂರು ಬಗೆ: ಹಲಗೆಯಂತೆ ಮಡಚುವುದು, ಬೀಸಣಿಗೆಯಂತೆ ಬಿಚ್ಚುವುದು, ಚಾಪೆಯಂತೆ ಸುರುಳಿ ಸುತ್ತುವುದು. ಸುರುಳಿಯದನ್ನು 2017ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಬಿಚ್ಚಿದರು. ಬಿಚ್ಚಿದ್ದು ಸೊಗಸಾಗಿ, ಮತ್ತೆ ಸುತ್ತಿಕೊಳ್ಳಲು ಅದು ಒಪ್ಪದೆ ಆಕಾಶಕ್ಕೇ ಬಿಟ್ಟುಬಿಡಬೇಕಾಯಿತು. ಶೇ. 30ರ ದಕ್ಷತೆಯಲ್ಲಿ 300 ಕಿಲೋವ್ಯಾಟ್ ಬೇಕಾದರೆ 700 ಚದರ ಮೀಟರಿಗೂ ಹೆಚ್ಚು ರೆಕ್ಕೆ ಬೇಕು. ಮಂಗಳದ ಬಳಿ ಅದೇ ರೆಕ್ಕೆ 130 ಕಿಲೋವ್ಯಾಟ್ ಕೊಟ್ಟೀತು, ಬಿಸಿಲು ಅಲ್ಲಿ ಚದರ ಮೀಟರಿಗೆ 590 ವ್ಯಾಟ್‌ಗೆ ಇಳಿದಿರುವುದರಿಂದ.

ಪೂರ್ವಪಕ್ಷದವರು ಎದ್ದು ನಿಲ್ಲುವುದು ಇಲ್ಲೇ. ‘ಸೂರ್ಯ ದೂರವಾದಂತೆ ಬಡವನಾಗುವ ಯಜಮಾನ, ಸ್ಟೂಲಿಂಗರ್ ಹೇಳಿದಂತೆ ಪರಮಾಣು ಸ್ಥಾವರ ಕಟ್ಟಿರಿ’ ಎನ್ನುತ್ತಾರೆ. ಗುರುವಿನಾಚೆಗೆ ಅವರ ಮಾತು ಸರಿ, ಒಪ್ಪಿದೆ. ಮಂಗಳದವರೆಗೆ ಸೂರ್ಯನೇ ಸಾಕು. ಅವನನ್ನು ಉಡಾಯಿಸಬೇಕಿಲ್ಲ, ತಣಿಸಬೇಕಿಲ್ಲ, ಹೊತ್ತೊಯ್ಯಲು ಯಾರ ಪರವಾನಗಿಯೂ ಬೇಡ.

ಆರೋಹಕ ಪ್ರಕರಣ

ಇಷ್ಟು ಹೊತ್ತೂ ನೌಕೆಯನ್ನು ವಿಂಗಡಿಸಿದೆವು. ಅಸಲು ತೊಡಕು ಒಳಗೆ ಕೂರುವವನದು. 300 ಕಿಲೋವ್ಯಾಟ್ ವಿದ್ಯುತ್ತಿಗೆ ಬಳೆಬಾಯಿಗಳಿಂದ ಸುಮಾರು 18 ನ್ಯೂಟನ್ ಬಲ ಸಿಕ್ಕೀತು. ನಲವತ್ತು ಟನ್ ನೌಕೆಗೆ ಅದರಿಂದ ದಿನಕ್ಕೆ ಸೆಕೆಂಡಿಗೆ 39 ಮೀಟರಿನ ವೇಗ ಕೂಡುತ್ತದೆ. ಭೂಮಿಯ ಕೆಳಕಕ್ಷೆಯಿಂದ ಹೀಗೆ ಸುರುಳಿ ಸುತ್ತುತ್ತ ಮೇಲೇರಿ ಬಿಡಿಸಿಕೊಳ್ಳಲು ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಹೆಚ್ಚು ವೇಗ ಕೂಡಿಸಬೇಕು. ಒಂದೇ ಗುದ್ದಿಗೆ ಹೊರಡುವ ಭದ್ರಜಾತಿಗೆ ಮೂರು ಚಿಲ್ಲರೆ ಸಾಕು. ಲೆಕ್ಕ ಹಾಕಿ: ಆರು ತಿಂಗಳಿಗೂ ಮಿಕ್ಕಿ. ಪ್ರತಿ ಸುತ್ತಿನಲ್ಲೂ ಭೂಮಿಯ ನೆರಳು ಬಂದಾಗ ಎಂಜಿನ್ ಬಂದ್. ಆ ತಿಂಗಳುಗಳಲ್ಲಿ ನೌಕೆ ವ್ಯಾನ್ ಆಲನ್ ವಿಕಿರಣ ಪಟ್ಟಿಗಳಲ್ಲಿ ಮತ್ತೆ ಮತ್ತೆ ಮುಳುಗೇಳುತ್ತದೆ. ಯುರೋಪಿನ ಸ್ಮಾರ್ಟ್-1 2003ರ ಸೆಪ್ಟೆಂಬರ್‌ನಲ್ಲಿ ಹೊರಟು ಚಂದ್ರನ ಕಕ್ಷೆ ಸೇರಿದ್ದು 2004ರ ನವೆಂಬರ್‌ನಲ್ಲಿ. ಆ ಪಟ್ಟಿಗಳಲ್ಲಿ ಅದರ ಸೌರಕೋಶಗಳು ಕಳೆಗುಂದಿದ್ದವು. ಕೋಶ ಕಳೆಗುಂದಿದರೆ ವಿದ್ಯುತ್ತು ಇಳಿಯುತ್ತದೆ. ಮನುಷ್ಯ ಕಳೆಗುಂದಿದರೆ ವಿಚಾರಣಾ ಸಮಿತಿ ಕೂರುತ್ತದೆ. ಪಟ್ಟಿಗಳಾಚೆಯ ಬಯಲೂ ಸುರಕ್ಷಿತವೇನಲ್ಲ. ಮಂಗಳಕ್ಕೆ ಆರು ತಿಂಗಳಂತೆ ಹೋಗಿ ಬಂದರೆ ಸುಮಾರು 0.66 ಸೀವರ್ಟ್ ವಿಕಿರಣ ಎಂದು ಮಂಗಳಕ್ಕೆ ಹೋದ ಕ್ಯೂರಿಯಾಸಿಟಿ ರೋವರಿನ ಜೊತೆಗಿದ್ದ ಉಪಕರಣ ಅಳೆದಿದೆ.

ಆದ್ದರಿಂದ ಆರೋಹಕರಲ್ಲಿ ಉತ್ತಮನೆಂದರೆ ತಡವಾಗಿ ಹತ್ತುವವನು. ನೌಕೆ ಖಾಲಿಯಾಗಿ ತಿಂಗಳುಗಟ್ಟಲೆ ಸುರುಳಿ ಸುತ್ತಿ ಚಂದ್ರನ ನೆರೆಯ ಎತ್ತರದ ಕಕ್ಷೆಗೆ ಬಂದು ನಿಂತ ಮೇಲೆ, ಈತ ಭದ್ರಜಾತಿಯ ಕ್ಯಾಪ್ಸೂಲಿನಲ್ಲಿ ಕೆಲವೇ ದಿನಗಳಲ್ಲಿ ಬಂದು ಸೇರಿಕೊಳ್ಳುತ್ತಾನೆ. ಮಿಶ್ರವೇ ಶ್ರೇಷ್ಠ ಎಂದದ್ದು ಇದಕ್ಕೇ. ಮಧ್ಯಮನು ತನ್ನ ಮನೆ, ಇಂಧನ, ಇಳಿಯುವ ವಾಹನ ಎಲ್ಲವನ್ನೂ ಮಂದಜಾತಿಯ ಮೇಲೆ ಎರಡು ವರ್ಷ ಮುಂಚೆಯೇ ಸಾಗಹಾಕಿ, ಅವು ತಲುಪಿದ ಸುದ್ದಿ ಬಂದ ಮೇಲಷ್ಟೇ ಬೇರೆ ವಾಹನದಲ್ಲಿ ಹೊರಡುವವನು. ಇನ್ನೊಂದು ವಿಚಿತ್ರ ವರ್ಗವುಂಟು: ತಾನು ಹೋಗದೆ, ಗಮ್ಯವನ್ನೇ ತನ್ನ ಬಳಿಗೆ ಕರೆಸಿಕೊಳ್ಳುವವನು. ನಾಸಾ 2013ರಲ್ಲಿ ಮುಂದಿಟ್ಟು 2017ರಲ್ಲಿ ಕೈಬಿಟ್ಟ ಕ್ಷುದ್ರಗ್ರಹ ಯೋಜನೆಯ ತಿರುಳು ಅದೇ. ವಿದ್ಯುತ್ ನೌಕೆ ಹೋಗಿ ಬಂಡೆಯೊಂದನ್ನು ಚಂದ್ರನ ಬಳಿ ತಂದಿಡಬೇಕು, ಗಗನಯಾತ್ರಿ ಅಲ್ಲಿಗೆ ಹೋಗಿ ಮುಟ್ಟಿ ಬರಬೇಕು. ಇಂಥ ಆಲಸ್ಯಕ್ಕೆ ಇಷ್ಟು ಗಣಿತ ಬೇರೆಲ್ಲೂ ಸುರಿದಿರಲಾರರು. ಕೆಳಕಕ್ಷೆಯಿಂದಲೇ ಹತ್ತಿ ಕೂತು ಕೊನೆಯವರೆಗೂ ಹೋಗುವವನು ಅಧಮ. ಅವನನ್ನು ಯಾವ ವೈದ್ಯನೂ ಕಳಿಸಿಕೊಡುವುದಿಲ್ಲ.

ದೋಷ ಪ್ರಕರಣ

ದೋಷಗಳಲ್ಲಿ ಬಾಯಿ ಸವೆಯುವುದು, ರೆಕ್ಕೆ ಸಿಕ್ಕಿಕೊಳ್ಳುವುದು ಮುಂತಾದವು ಪ್ರಸಿದ್ಧ. ನೂಕುಲೋಪ ಎಂಬುದು ಈ ಜಾತಿಗೇ ವಿಶಿಷ್ಟವಾದದ್ದು. ಸದಾ ತಳ್ಳುತ್ತಲೇ ಇರಬೇಕಾದ ನೌಕೆ ಒಂದಷ್ಟು ದಿನ ತಳ್ಳದೆ ಉಳಿದರೆ, ಆಮೇಲೆ ಸರಿಯಾದರೂ ಹಳೆಯ ದಾರಿ ಸಿಗುವುದಿಲ್ಲ. ದಾರಿಯನ್ನೇ ಹೊಸದಾಗಿ ಬರೆಯಬೇಕು. ಬುಧನತ್ತ ಹೊರಟ ಬೆಪಿಕೊಲಂಬೊ ನೌಕೆಯ ಎಂಜಿನ್‌ಗಳಿಗೆ 2024ರಲ್ಲಿ ವಿದ್ಯುತ್ತು ಸಾಲದೆ ಬಲ ಕುಗ್ಗಿತು. ತಲುಪುವ ದಿನವನ್ನು 2025ರ ಡಿಸೆಂಬರ್‌ನಿಂದ 2026ರ ನವೆಂಬರ್‌ಗೆ ತಳ್ಳಿದರು. ಹನ್ನೊಂದು ತಿಂಗಳು! ಒಳಗಿದ್ದ ಉಪಕರಣಗಳು ಒಂದು ಮಾತೂ ಆಡಲಿಲ್ಲ.

ಅದೇ ಹನ್ನೊಂದು ತಿಂಗಳು ನಾಲ್ವರು ಮನುಷ್ಯರಿರುವ ನೌಕೆಗೆ ಬಂದರೆ, ತಲೆಗೆ ದಿನಕ್ಕೆ 1.8 ಕೆ.ಜಿ. ಊಟದ ಪೊಟ್ಟಣದ ಲೆಕ್ಕದಲ್ಲಿ ಸುಮಾರು 2.4 ಟನ್ ಹೆಚ್ಚಿನ ಆಹಾರ ಬೇಕು. ಅದನ್ನು ಮುಂಜಾಗ್ರತೆಗೆಂದು ಮೊದಲೇ ಹೇರಿದರೆ, ಅದನ್ನು ತಳ್ಳಲು ಒಂದೂವರೆ ಟನ್ ಜೆನಾನ್ ಮೇಲೆ ಬೀಳುತ್ತದೆ. ಜೆನಾನ್ ಹೆಚ್ಚಿದ್ದಕ್ಕೆ ದೊಡ್ಡ ತೊಟ್ಟಿ, ತೂಕ ಹೆಚ್ಚಿದ್ದಕ್ಕೆ ನಿಧಾನ, ನಿಧಾನವಾದದ್ದಕ್ಕೆ ಇನ್ನೊಂದಿಷ್ಟು ಊಟ. ಹೇರದೆ ಎಂಜಿನ್‌ಗಳನ್ನೇ ಒಂದೆರಡು ಹೆಚ್ಚಿಗೆ ಇಡೋಣ ಎನ್ನುವ ಬಣ ಒಂದು, ಊಟವನ್ನು ಮಂಗಳದ ಕಕ್ಷೆಗೆ ಮೊದಲೇ ಕಳಿಸಿಡೋಣ ಎನ್ನುವ ಬಣ ಇನ್ನೊಂದು. ಗ್ರಂಥಕರ್ತ ಎಂಜಿನ್‌ನವರ ಪಕ್ಷ: ಮಂಗಳದಲ್ಲಿ ಕಾದಿರುವ ಊಟ ದಾರಿಯಲ್ಲಿ ಸಿಕ್ಕಿಬಿದ್ದವನ ಹೊಟ್ಟೆಗೆ ಬರುವುದಿಲ್ಲ.